ಮನೆತನದ ಹುಡುಕಾಟ: ಕಾಣೆಯಾದ ಕಲ್ಲು, ಸಿಕ್ಕಿದ ಕಲ್ಲು

ವಂಶವೃಕ್ಷ ಬರೆಯುವ ಬಗೆಯನ್ನು ಕುರಿತ ಈ ಅಂಕಣಕ್ಕೆ ಈಚೆಗೆ ಬರುತ್ತಿರುವ ಪತ್ರಗಳಲ್ಲಿ ಹಿರಿಯರ ಸಮಾಧಿಗಳ ವಿಚಾರವನ್ನು ಕೇಳಿ ಬರೆದವೇ ಹೆಚ್ಚು. ಸಮಾಧಿ ಇದೆ, ಕಲ್ಲು ಇಲ್ಲ ಎನ್ನುವವರಿದ್ದಾರೆ. ಕಲ್ಲು ಸಿಕ್ಕಿದೆ, ಅದು ಯಾರ ಸಮಾಧಿಯದೆಂದು ತಿಳಿಯದು ಎನ್ನುವವರೂ ಇದ್ದಾರೆ. ಅಂಥ ಆರು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಮನೆತನದ ಮಾತಾದ್ದರಿಂದ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮುತ್ತಜ್ಜ ಮಿಶನ್ ಶಾಲೆಯಲ್ಲಿ ಮಾಸ್ತರರಾಗಿದ್ದರು. 1920ರ ಸುಮಾರಿಗೆ ತೀರಿಕೊಂಡರೆಂದು ಅಜ್ಜಿ ಹೇಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಸಿಮೆಟ್ರಿಯಲ್ಲಿ ಅವರ ಹೆಸರಿನ ಕಲ್ಲನ್ನು ನೋಡಿದ ನೆನಪಿದೆ. ಕಂಪೌಂಡ್ ಗೋಡೆ ಕಟ್ಟಿದ ಮೇಲೆ ಆ ಸಾಲಿನಲ್ಲಿ ಕೆಲವು ಕಲ್ಲುಗಳೇ ಇಲ್ಲ. ಈಗ ಎಲ್ಲಿಂದ ಹುಡುಕಬೇಕು? (ಹುಬ್ಬಳ್ಳಿ)

ಉತ್ತರ: ಹುಡುಕಾಟವನ್ನು ಸಿಮೆಟ್ರಿಯಿಂದ ಆರಂಭಿಸಬೇಡಿ, ಸಭೆಯ (ಎಂದರೆ ಚರ್ಚಿನ) ಕಚೇರಿಯಿಂದ ಆರಂಭಿಸಿ. ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಒಂದೊಂದೇ ನೆಲೆ ಮಾಡಿಕೊಂಡರು; ಸಭೆಯಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನೂ ಜೊತೆಗೆ ತಂದರು. ತೀರಿಕೊಂಡ ವರ್ಷ ಖಚಿತವಿಲ್ಲದಿರುವುದರಿಂದ 1915ರಿಂದ 1925ರವರೆಗಿನ ಮರಣ ರಿಜಿಸ್ಟರನ್ನು ಒಂದು ಪುಟವನ್ನೂ ಬಿಡದೆ ನೋಡಿ. ಈ ಅವಧಿಯಲ್ಲಿ ಒಂದು ತೊಡಕಿದೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಈ ಮಿಶನ್ನಿನಲ್ಲಿದ್ದ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. ಸಭೆಗಳ ಆಡಳಿತ ಕೈಬದಲಾದ ಆ ವರ್ಷಗಳಲ್ಲಿ ಒಂದು ಪುಸ್ತಕ ನಡುವೆಯೇ ನಿಂತು, ಮತ್ತೊಂದು ಬೇರೆ ಕೈಬರಹದಲ್ಲಿ ಆರಂಭವಾಗಿರಬಹುದು. ಒಂದರಲ್ಲಿ ಹೆಸರಿಲ್ಲವೆಂದು ಎದ್ದು ಬರಬೇಡಿ, ಎರಡನೆಯದನ್ನೂ ಕೇಳಿ. ಊರಿನಲ್ಲಿ ಸಿಗದಿದ್ದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವನ್ನು ವಿಚಾರಿಸಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ನಿನ ಮೂಲ ಆರ್ಕೈವಿನ ಹಳೆಯ ಛಾಯಾಚಿತ್ರಗಳನ್ನಂತೂ ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ನೋಡಬಹುದು.

ರಿಜಿಸ್ಟರಿಗೇ ಮೊದಲು ಹೋಗಿ ಎಂದು ಹೇಳಲು ಕಾರಣ ನನ್ನ ಮನೆಯ ಅನುಭವ. ನನ್ನ ಮುತ್ತಜ್ಜಿಯ ಕಲ್ಲು ನಮ್ಮ ಊರಿನ ಸಿಮೆಟ್ರಿಯಿಂದ ಕಾಣೆಯಾಗಿ ಮೂವತ್ತು ವರ್ಷ ಕಳೆದಿತ್ತು. ಮಳೆಗಾಲಕ್ಕೆ ಮೊದಲು ಮೋರಿ ತೆಗೆಸುತ್ತಿದ್ದಾಗ, ಅದರ ಮೇಲೆ ಹಾಸಿದ್ದ ಚಪ್ಪಡಿಗಳಲ್ಲೊಂದನ್ನು ಕೆಲಸದವರು ಹಾರೆಯಿಂದ ಮಗುಚಿದರು. ಕೆಳಮುಖವಾಗಿ ಮಲಗಿದ್ದ ಆ ಕಲ್ಲಿನಲ್ಲಿ ಅಕ್ಷರಗಳು ನಿನ್ನೆ ಕೊರೆದಂತೆ ಇದ್ದವು. ಕೊರೆದ ಗೆರೆಗಳಲ್ಲಿ ಕೆಮ್ಮಣ್ಣು ತುಂಬಿಕೊಂಡು, ಬಣ್ಣ ಬಳಿದು ಎತ್ತಿ ತೋರಿಸಿದ ಹಾಗೆ ಕಾಣುತ್ತಿತ್ತು. ಹೆಸರು, ಊರು, “ಕರ್ತನಲ್ಲಿ ನಿದ್ರೆಹೋದರು” ಎಂಬ ಸಾಲು, ಕನ್ನಡ ಅಂಕಿಯಲ್ಲಿ ತಾರೀಕು, ಎಲ್ಲವೂ ಇದ್ದವು. ನಾವೆಲ್ಲ ಓಡಿಹೋಗಿ ಆ ಕಲ್ಲನ್ನು ತೊಳೆದೆವು, ಅತ್ತೆವು, ಫೋಟೋ ತೆಗೆಸಿಕೊಂಡೆವು. ಆಮೇಲೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಬಂದಾಗ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಕಲ್ಲು ಸಿಕ್ಕಿತ್ತು, ಮುತ್ತಜ್ಜಿ ಸಿಕ್ಕಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಮರಣ ರಿಜಿಸ್ಟರಿನ ಕ್ರಮಸಂಖ್ಯೆ. ನಮ್ಮ ಸಿಮೆಟ್ರಿಯಲ್ಲಿ ಆ ಕಾಲಕ್ಕೆ ದೊಡ್ಡವರನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಹೂಳುತ್ತಿದ್ದರು, ಮಕ್ಕಳಿಗೆ ಬೇರೆ ಸಾಲಿತ್ತು. ರಿಜಿಸ್ಟರಿನಲ್ಲಿ ಮುತ್ತಜ್ಜಿಗಿಂತ ಮೊದಲು ಮತ್ತು ನಂತರ ಬರೆದಿದ್ದ ದೊಡ್ಡವರ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಂಡು, ಉಳಿದಿರುವ ಕಲ್ಲುಗಳ ತಾರೀಕನ್ನು ಸಾಲುಸಾಲಾಗಿ ಓದುತ್ತ ಹೋದೆವು. ಮೂರನೆಯ ಸಾಲಿನಲ್ಲಿ ಹಿಂದಿನವರ ಕಲ್ಲು ಸಿಕ್ಕಿತು. ಅದರಿಂದ ಒಂದು ಆಳಿನ ಜಾಗ ಬಿಟ್ಟು ಮುಂದಿನವರ ಕಲ್ಲು ಇತ್ತು. ನಡುವೆ ನೆಲ ಸ್ವಲ್ಪ ಕುಸಿದು, ಅಲ್ಲಿ ಹುಲ್ಲು ಬೇರೆ ಕಡೆಗಿಂತ ಹಸಿರಾಗಿತ್ತು.

ನೀವೂ ಹೀಗೆಯೇ ಮಾಡಿ. ಮೊದಲು ಕಾಗದದ ಮೇಲೆ ಜಾಗವನ್ನು ಗೊತ್ತುಮಾಡಿಕೊಂಡು, ಆಮೇಲೆ ಕಲ್ಲನ್ನು ಹುಡುಕಿ. ಗೋಡೆ ಕಟ್ಟುವಾಗ ತೆಗೆದ ಕಲ್ಲುಗಳು ಸಾಮಾನ್ಯವಾಗಿ ಬಹಳ ದೂರ ಹೋಗುವುದಿಲ್ಲ, ಏಕೆಂದರೆ ಅವುಗಳ ಭಾರವನ್ನು ಹೊತ್ತು ದೂರ ಸಾಗಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಗೋಡೆಯ ಬುಡ, ನೀರಿನ ತೊಟ್ಟಿಯ ಸುತ್ತಲಿನ ಹಾಸು, ಗೇಟಿನ ಮೆಟ್ಟಿಲು, ಸಾಮಾನು ಇಡುವ ಕೋಣೆಯ ಹಿಂದುಗಡೆ, ಮೋರಿಯ ಮುಚ್ಚಳ, ಇವನ್ನೆಲ್ಲ ನೋಡಿ. ಒಂದು ಕಡೆ ನಯವಾಗಿ ಕೆತ್ತಿ ಅಂಚು ತಿದ್ದಿದ ಕಲ್ಲು ಮೋರಿಯ ಮೇಲಿದ್ದರೆ ಅದು ಮೋರಿಗೆಂದು ಮಾಡಿಸಿದ್ದಲ್ಲ. ಗುಂಡಿ ತೋಡುವ ಮನೆತನದವರನ್ನು ತಪ್ಪದೆ ಮಾತಾಡಿಸಿ. ಅನೇಕ ಊರುಗಳಲ್ಲಿ ಆ ಕೆಲಸ ತಂದೆಯಿಂದ ಮಗನಿಗೆ ಬಂದಿರುತ್ತದೆ, ಯಾವ ಸಾಲಿನಲ್ಲಿ ಯಾರಿದ್ದಾರೆಂಬುದು ಕಮಿಟಿಯವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು ಮಾತು: ನಿಮ್ಮ ಬಂಧುಗಳ ಮನೆಗಳಲ್ಲಿ, ಆ ಸಿಮೆಟ್ರಿಯಲ್ಲಿ ಯಾರದೇ ಮಣ್ಣಿನ ದಿನ ತೆಗೆದ ಫೋಟೋ ಇದ್ದರೆ ಜನರನ್ನು ಬಿಟ್ಟು ಅವರ ಹಿಂದಿರುವ ಕಲ್ಲುಗಳನ್ನು ನೋಡಿ. ನಿಮ್ಮ ಮುತ್ತಜ್ಜನವರ ಕಲ್ಲು 1960ರ ಯಾವುದೋ ಫೋಟೋದಲ್ಲಿ ಯಾರದೋ ಹೆಗಲಿನ ಹಿಂದೆ ನಿಂತಿರಬಹುದು.

ಪ್ರಶ್ನೆ: ಮಲಪ್ರಭೆಯ ದಂಡೆಯಲ್ಲಿ ನಮ್ಮ ಹೊಲವಿದೆ. ಅದರ ಬದಿಗೆ ನಮ್ಮ ಹಿರಿಯರ ಮೂರು ಗದ್ದುಗೆಗಳಿದ್ದವು. 2019ರ ನೆರೆಯಲ್ಲಿ ಒಂದು ಗದ್ದುಗೆಯ ಕಲ್ಲುಗಳು ಕೊಚ್ಚಿಹೋದವು. ಅಮಾವಾಸ್ಯೆಗೆ ಮೂರಕ್ಕೂ ಕಾಯಿ ಒಡೆಯುತ್ತೇವೆ, ಆದರೆ ಯಾವುದು ಯಾರದೆಂದು ಹೇಳುವವರು ಉಳಿದಿಲ್ಲ. ಅವುಗಳ ಮೇಲೆ ಅಕ್ಷರವೂ ಇರಲಿಲ್ಲ. ವಂಶವೃಕ್ಷದಲ್ಲಿ ಇವನ್ನು ಹೇಗೆ ಸೇರಿಸುವುದು? (ಬಾಗಲಕೋಟೆ ಜಿಲ್ಲೆ)

ಉತ್ತರ: ಅಕ್ಷರವಿಲ್ಲದ ಗದ್ದುಗೆಗೆ ಅಕ್ಷರವಿರುವ ಎರಡು ಸಾಕ್ಷಿಗಳು ನಿಮ್ಮ ಭಾಗದಲ್ಲಿ ಸಿಗುತ್ತವೆ. ಒಂದು ಹೆಳವರ ಹೊತ್ತಿಗೆ, ಇನ್ನೊಂದು ಹೊಲದ ಕಾಗದ.

ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಮನೆ ಬಾಗಿಲಿಗೆ ಬಂದು, ಅಜ್ಜ ಮುತ್ತಜ್ಜರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ಕಾಳು ಪಡೆದು ಹೋಗುವ ಹೆಳವರನ್ನು ನಿಮ್ಮ ಮನೆಯ ಹಿರಿಯರು ಖಂಡಿತ ನೋಡಿರುತ್ತಾರೆ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರುಗಳ ಇಂತಿಂಥ ಮನೆತನಗಳೆಂಬ ಹಂಚಿಕೆ ಇದೆ. ಮೂಲದ ಊರು, ಬೆಡಗು (ಕುಲದ ಒಳಪಂಗಡ), ಅಲ್ಲಿಂದ ಎದ್ದು ಬಂದ ಕಾರಣ, ಅಣ್ಣತಮ್ಮಂದಿರ ಕವಲು, ಇವೆಲ್ಲ ಅವರ ಬಾಯಲ್ಲಿ ಮತ್ತು ಕೈಬರಹದ ಪುಸ್ತಕಗಳಲ್ಲಿ ಇವೆ. ನಿಮ್ಮ ಮನೆಗೆ ಬರುವ ಹೆಳವರು ಯಾವ ಊರಿನವರೆಂದು ಪಕ್ಕದ ಹಳ್ಳಿಗಳ ನಿಮ್ಮ ಅಣ್ಣತಮ್ಮಂದಿರ ಮನೆಗಳಲ್ಲಿ ವಿಚಾರಿಸಿ, ಅವರ ಮನೆಗೆ ನೀವೇ ಹೋಗಿ. ಅವರು ಹೇಳುವುದನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕಾಣಿಕೆಯನ್ನು ಕೈತುಂಬ ಕೊಡಿ. ಇದು ಅವರ ವೃತ್ತಿ, ತಲೆಮಾರುಗಳ ಶ್ರಮ. ಹೆಳವರ ಪಟ್ಟಿಯಲ್ಲಿ ಹೆಚ್ಚಾಗಿ ಗಂಡಸರ ಹೆಸರುಗಳೇ ಬರುತ್ತವೆಂಬುದನ್ನು ಮಾತ್ರ ನೆನಪಿಡಿ. ಮೂರು ಗದ್ದುಗೆಗಳಲ್ಲಿ ಒಂದು ನಿಮ್ಮ ಮನೆತನದ ಯಾವುದಾದರೂ ತಾಯಿಯದಾಗಿದ್ದರೆ ಅದರ ಸುಳಿವು ಆಕೆಯ ತವರಿನ ಕಡೆಯಿಂದಲೇ ಸಿಗಬೇಕು.

ಹೊಲದ ಕಾಗದದ ವಿಷಯ. ಈಗಿನ ಉತಾರದಲ್ಲಿ (ಪಹಣಿಯಲ್ಲಿ) ನಿಮಗೆ ಬೇಕಾದದ್ದು ಇರುವುದಿಲ್ಲ. ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಲ್ಲಿ ಆ ಸರ್ವೆ ನಂಬರಿನ ಹಳೆಯ ಹಕ್ಕು ಬದಲಾವಣೆಯ ನಕಲುಗಳನ್ನು ಕೇಳಿ. ನಿಮ್ಮ ಭಾಗ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತ್ತು, ಅಲ್ಲಿ 1903ರ ಕಾಯ್ದೆಯ ಮೂಲಕ ಹಕ್ಕುದಾಖಲೆಯನ್ನು ಜಾರಿಗೆ ತಂದರು. ಒಬ್ಬರು ತೀರಿಕೊಂಡು ವಾರಸಾ ಆದಾಗಲೆಲ್ಲ, ಸತ್ತವರ ಹೆಸರು, ವಾರಸುದಾರರ ಹೆಸರು, ಅವರ ಸಂಬಂಧ, ಇವನ್ನು ಬರೆದಿರುತ್ತಾರೆ. ಹಾಗೆ ನಾಲ್ಕು ವಾರಸಾಗಳನ್ನು ಹಿಂದಕ್ಕೆ ಜೋಡಿಸಿದರೆ ಒಂದು ಶತಮಾನದ ವಂಶಾವಳಿ ತಾನಾಗಿ ನಿಲ್ಲುತ್ತದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇರುವುದರಿಂದ, ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬರುತ್ತದೆ; ಇಬ್ಬರು ಬಸಪ್ಪಂದಿರನ್ನು ಒಬ್ಬರೆಂದು ತಿಳಿದು ಒಂದು ತಲೆಮಾರನ್ನೇ ನುಂಗಿಬಿಟ್ಟ ವಂಶವೃಕ್ಷಗಳನ್ನು ನಾನು ಬಹಳ ನೋಡಿದ್ದೇನೆ. ಪ್ರತಿ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಬರೆದುಕೊಳ್ಳಿ.

ಇಷ್ಟಾದ ಮೇಲೂ ಯಾವ ಗದ್ದುಗೆ ಯಾರದೆಂದು ಖಚಿತವಾಗದೆ ಉಳಿಯಬಹುದು. ಹಾಗಾದರೆ “ಹೊಲದ ಬದಿಯ ಮೂರು ಗದ್ದುಗೆಗಳು, ಇಂತಿಷ್ಟು ಜನ ಹಿರಿಯರಲ್ಲಿ ಮೂವರವು” ಎಂದೇ ಬರೆಯಿರಿ. ಊಹೆಯ ಮೇಲೆ ಹೆಸರು ಕೆತ್ತಿಸಬೇಡಿ. ಕಲ್ಲಿಗೆ ಒಮ್ಮೆ ಏರಿದ ತಪ್ಪನ್ನು ಮುಂದಿನವರು ಸತ್ಯವೆಂದೇ ಓದುತ್ತಾರೆ. ನೆರೆಯಲ್ಲಿ ಹೋದ ಗದ್ದುಗೆಯ ಜಾಗವನ್ನು ಉಳಿದ ಎರಡರಿಂದ ಎಷ್ಟು ಮೊಳ, ಯಾವ ದಿಕ್ಕು ಎಂದು ಈ ವಾರವೇ ಅಳೆದಿಡಿ, ಮತ್ತೊಂದು ನೆರೆ ಬಂದರೆ ಅಳೆಯಲು ಆಧಾರವೇ ಇರುವುದಿಲ್ಲ.

ಪ್ರಶ್ನೆ: ದಂಡು ಪ್ರದೇಶದ ಬದಿಯ ಒಂದು ಹಳೆಯ ಮನೆಯನ್ನು ಕೊಂಡಿದ್ದೇವೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಎತ್ತಿಸಿದಾಗ ಅದರ ಅಡಿಭಾಗದಲ್ಲಿ ಇಂಗ್ಲಿಷ್ ಬರಹ ಕಂಡಿತು. 1840ರ ದಶಕದಲ್ಲಿ ತೀರಿಕೊಂಡ ಒಂದು ವರ್ಷದ ಮಗುವಿನ ಕಲ್ಲದು. ಮನೆಯ ಹಿರಿಯರು ಅಪಶಕುನವೆಂದು ಹೆದರಿ, ಕೆರೆಗೋ ಹೊಳೆಗೋ ಹಾಕಿಸಿ ಎನ್ನುತ್ತಾರೆ. ನನಗೆ ಮನಸ್ಸು ಬಾರದು. ಏನು ಮಾಡಲಿ? (ಬೆಂಗಳೂರು)

ಉತ್ತರ: ದಯವಿಟ್ಟು ಎಲ್ಲಿಗೂ ಹಾಕಿಸಬೇಡಿ. ಎಷ್ಟೋ ವರ್ಷ ಯಾರದೋ ಬಟ್ಟೆಯ ಏಟು ತಿಂದ ಆ ಕಲ್ಲು ನಿಮ್ಮ ಕೈಗೆ ಸಿಕ್ಕಿದ್ದು ಒಳ್ಳೆಯದೇ ಆಯಿತೆಂದು ಹಿರಿಯರಿಗೆ ಹೇಳಿ. ಮಗುವಿನ ಹೆಸರಿಗೆ ಒಂದು ದೀಪ ಹಚ್ಚಿದರೆ ಅವರ ಮನಸ್ಸೂ ಹಗುರಾದೀತು.

ಈಗ ಕಲ್ಲನ್ನು ಮರಳಿನ ಮೇಲೆ ಅಂಗಾತ ಮಲಗಿಸಿ, ನೆರಳಿನಲ್ಲಿಡಿ. ಬರಹವನ್ನು ಸಾಲು ಮುರಿದಂತೆಯೇ, ತಪ್ಪಿದ್ದರೆ ತಪ್ಪಿನೊಂದಿಗೇ ಬರೆದುಕೊಳ್ಳಿ. ಮಗುವಿನ ತಂದೆಯ ಹುದ್ದೆ, ದಳದ ಹೆಸರು ಇದ್ದರೆ ಅದು ಬಹು ಮುಖ್ಯ. ಬೆಂಗಳೂರಿನ ದಂಡಿನ ಪಾದ್ರಿಗಳು ನಡೆಸಿದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಮದ್ರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ; ಮದ್ರಾಸಿನ ಸರಣಿ 1698ರಿಂದ 1948ರವರೆಗೆ ಇದೆ. ಬೆಳಗಾವಿ, ಧಾರವಾಡದ ಕಡೆಯ ಕಲ್ಲಾಗಿದ್ದರೆ ಮುಂಬೈ ಸರಣಿಯನ್ನು ನೋಡಬೇಕಾಗುತ್ತಿತ್ತು. ಮಗುವಿನ ಹೆಸರು ಮತ್ತು ವರ್ಷ ಕೈಯಲ್ಲಿರುವುದರಿಂದ, ಅಲ್ಲಿ ಶವಸಂಸ್ಕಾರದ ಸಾಲು ಸಿಕ್ಕರೆ ತಂದೆತಾಯಿಯರೂ ಸಿಗುತ್ತಾರೆ. ವರ್ಷದ ಮಗುವಿಗೆ ಸಂತತಿಯಿಲ್ಲ, ನಿಜ. ಆದರೆ ಅಣ್ಣತಮ್ಮ, ಅಕ್ಕತಂಗಿಯರ ಸಂತತಿಯವರು ಎಲ್ಲಾದರೂ ಇರಬಹುದು, ತಮ್ಮ ಮನೆತನದಲ್ಲಿ ಹೀಗೊಂದು ಕೂಸು ಹುಟ್ಟಿ ಹೋಗಿತ್ತೆಂಬುದೇ ಅವರಿಗೆ ತಿಳಿಯದಿರಬಹುದು.

ಇಂಥ ವಿಷಯಗಳಿಗೆಂದೇ ಎರಡು ಸಂಸ್ಥೆಗಳಿವೆ. ದಕ್ಷಿಣ ಏಷ್ಯಾದ ಯುರೋಪಿಯನ್ ಸ್ಮಶಾನಗಳ ದಾಖಲಾತಿಗಾಗಿ ಬ್ರಿಟನ್ನಿನಲ್ಲಿ 1976ರಲ್ಲಿ ಸ್ಥಾಪನೆಯಾದ ಬ್ಯಾಕ್ಸಾ (ಬ್ರಿಟಿಷ್ ಅಸೋಸಿಯೇಷನ್ ಫಾರ್ ಸಿಮೆಟ್ರೀಸ್ ಇನ್ ಸೌತ್ ಏಷ್ಯಾ) ಒಂದು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ವಂಶ ಹುಡುಕುವವರಿಗಾಗಿ 1998ರಲ್ಲಿ ಆರಂಭವಾದ ಫಿಬಿಸ್ (ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ) ಇನ್ನೊಂದು. ಕಲ್ಲಿನ ಚಿತ್ರ, ಬರಹದ ನಕಲು, ಸಿಕ್ಕಿದ ಜಾಗದ ವಿವರ, ಇವನ್ನು ಎರಡಕ್ಕೂ ಬರೆದು ಕಳಿಸಿ. ಅದಕ್ಕಿಂತ ಮೊದಲು ಒಂದು ಕೆಲಸವಿದೆ. ಆ ಮಗುವಿನ ಸಮಾಧಿ ನಗರದ ಯಾವುದಾದರೂ ಹಳೆಯ ಸಿಮೆಟ್ರಿಯಲ್ಲಿ ಬೇರೆ ಕಲ್ಲಿನೊಡನೆ ಇದೆಯೇ ಎಂದು ವಿಚಾರಿಸಿ. ಹೊರಗೆ ಸಿಗುವ ಕಲ್ಲುಗಳೆಲ್ಲ ಕದ್ದವೆಂದು ತಿಳಿಯಬಾರದು. ಕಲ್ಲುಕುಟಿಗರು ಕಾಗುಣಿತವನ್ನೋ ತಾರೀಕನ್ನೋ ತಪ್ಪಿ ಬದಿಗೆ ಸರಿಸಿದ ಕಲ್ಲುಗಳಿರುತ್ತವೆ. ಮನೆಯವರು ಮುಂದೆ ದೊಡ್ಡ ಕಲ್ಲನ್ನು ಹಾಕಿಸಿದಾಗ ತೆಗೆದಿಟ್ಟ ಮೊದಲ ಕಲ್ಲುಗಳೂ ಇರುತ್ತವೆ. ಅಂಥ ಕಲ್ಲಿನ ತಾರೀಕನ್ನು ಕಣ್ಣುಮುಚ್ಚಿ ನಂಬಿದರೆ ವಂಶವೃಕ್ಷವೂ ತಪ್ಪುತ್ತದೆ.

ಇಷ್ಟು ಹಳೆಯ ಕಲ್ಲಿಗೆ ಈಗ ಯಾರು ಬರುತ್ತಾರೆ ಎಂದು ನೀವು ಕೇಳಬಹುದು. ಶ್ರೀರಂಗಪಟ್ಟಣಕ್ಕೆ ಒಮ್ಮೆ ಹೋಗಿಬನ್ನಿ. ಹೊಳೆಯ ಬದಿಯಲ್ಲಿ ಗ್ಯಾರಿಸನ್ ಸಿಮೆಟ್ರಿ ಎಂಬ ಸ್ಮಶಾನವಿದೆ, ಅದರಲ್ಲಿ ಸುಮಾರು 300 ಸಮಾಧಿಗಳಿವೆ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಅಲ್ಲಿ ನೆಲೆನಿಂತ ಸೈನ್ಯದವರು, ಅವರ ಹೆಂಡಿರು ಮಕ್ಕಳು ಅಲ್ಲಿ ಮಲಗಿದ್ದಾರೆ. ಕತ್ತಿ ಗುಂಡಿಗಿಂತ ಜ್ವರವೇ ಅಲ್ಲಿ ಹೆಚ್ಚು ಜನರನ್ನು ತೆಗೆದುಕೊಂಡಿತು. ಆ ಚಳಿಜ್ವರದ ಕಾಟ ತಾಳಲಾರದೆ ಈಸ್ಟ್ ಇಂಡಿಯಾ ಕಂಪನಿಯವರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು, ನೀವೀಗ ಇರುವ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಆ ಸೈನ್ಯದಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆಯಿತ್ತು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಷಾರ್ಲ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಡಚ್ಚರಿಗಾಗಿ ಕಟ್ಟಿದ ಪಡೆ ಅದು, 1795ರಲ್ಲಿ ಬ್ರಿಟಿಷರ ಸೇವೆಗೆ ಸೇರಿತು. ಕಾಲಾಂತರದಲ್ಲಿ ಸ್ಮಶಾನದ ತುಂಬ ಗಿಡಗಂಟಿ ಬೆಳೆದು, ಗೋರಿಗಳು ಬಿರಿದು, ಬರಹಗಳು ಮಾಸಿದ್ದವು. 2007-08ರ ಸುಮಾರಿಗೆ ಅದನ್ನು ಶುಚಿಮಾಡಿಸಿ, ಗೋರಿಗಳನ್ನು ದುರಸ್ತಿ ಮಾಡಿಸಿದವರು ಅದೇ ಡಿ ಮ್ಯೂರಾನ್ ಮನೆತನದವರು. ಇನ್ನೂರು ವರ್ಷದ ಮೇಲೆ, ಸಮುದ್ರ ದಾಟಿ ಬಂದರು. ತಮ್ಮವರ ಕಲ್ಲುಗಳನ್ನಷ್ಟೇ ಎತ್ತಿ ನಿಲ್ಲಿಸಿ ಹೋಗಲಿಲ್ಲ, ಪಕ್ಕದಲ್ಲಿದ್ದ ಗುರುತು ಪರಿಚಯವಿಲ್ಲದವರ ಗೋರಿಗಳನ್ನೂ ನೋಡಿಕೊಂಡರು. ಆ ಮಾತು ನೆನಪಾದಾಗಲೆಲ್ಲ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಒಂದು ವೀರಗಲ್ಲು ಇದೆ. ಅದು ನಮ್ಮ ವಂಶದ ಮೂಲಪುರುಷನದೆಂದು ತಾತ ಹೇಳುತ್ತಿದ್ದರು. ವಂಶವೃಕ್ಷದ ತುದಿಯಲ್ಲಿ ಆ ವೀರನನ್ನು ಬರೆಯಬಹುದೇ? (ಕೋಲಾರ)

ಉತ್ತರ: ಕಲ್ಲಿನ ಮೇಲೆ ಬರಹವಿದೆಯೇ ಎಂದು ನೀವು ತಿಳಿಸಿಲ್ಲ. ಇದ್ದರೆ ಮೊದಲು ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ ಹತ್ತನೆಯ ಸಂಪುಟವನ್ನು ನೋಡಿ. ಅದು ಕೋಲಾರ ಜಿಲ್ಲೆಯದು, ತಾಲ್ಲೂಕು ಮತ್ತು ಊರಿನ ಹೆಸರಿನಲ್ಲಿ ಶಾಸನಗಳನ್ನು ಕೊಟ್ಟಿದ್ದಾರೆ. ರೈಸ್ ಮತ್ತು ಅವರ ಸಹಾಯಕರು ನೂರು ವರ್ಷಕ್ಕೂ ಹಿಂದೆ ಊರೂರು ತಿರುಗಿ ಓದಿ ಬರೆದುಕೊಂಡ ಎಷ್ಟೋ ಕಲ್ಲುಗಳು ಇಂದು ನೆಲದ ಮೇಲಿಲ್ಲ, ಅವರ ಓದು ಮಾತ್ರ ಉಳಿದಿದೆ. ಅಲ್ಲಿ ಸಿಗದಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನಶಾಸ್ತ್ರ ಶಾಖೆ ಮೈಸೂರಿನಲ್ಲಿದೆ, ಚಿತ್ರದೊಡನೆ ಬರೆಯಿರಿ.

ನಿಮ್ಮ ತಾತನವರ ಮಾತನ್ನು ನಾನು ಹಗುರಾಗಿ ಕಾಣುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರ ಕಾಳೆಗದ ಪ್ರಸ್ತಾಪವಿದೆ, ಅಲ್ಲಿ ನಾಗತ್ತರನ ಮಗ ಬುಟ್ಟಣಶೆಟ್ಟಿಯ ಸಾವು ದಾಖಲಾಗಿದೆ. ಬೆಂಗಳೂರೆಂಬ ಹೆಸರು ನಮಗೆ ಮೊದಲು ಸಿಗುವುದು ಹೀಗೆ ಮಗನ ಸಾವನ್ನು ತಂದೆಯ ಹೆಸರಿನೊಡನೆ ಬರೆದ ಕಲ್ಲಿನಲ್ಲಿ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಊರಿನವರೂ ಶಾಸನಾಸಕ್ತರೂ ಕೈಜೋಡಿಸಿದ್ದರಿಂದ ಅದು ನಮ್ಮ ಕಾಲದಲ್ಲಿ ಉಳಿದುಕೊಂಡಿತು. ಹೀಗೆ ವೀರಗಲ್ಲುಗಳೂ ಮನೆತನದ ಕಲ್ಲುಗಳೇ. ಆದರೆ ಆ ವೀರನಿಂದ ನಿಮ್ಮ ತಾತನವರ ತಾತನವರೆಗಿನ ಹತ್ತಿಪ್ಪತ್ತು ತಲೆಮಾರುಗಳ ಕೊಂಡಿ ಕೈಯಲ್ಲಿಲ್ಲದಿರುವಾಗ, ಇಬ್ಬರ ನಡುವೆ ಗೆರೆ ಎಳೆಯುವಂತಿಲ್ಲ. ವೃಕ್ಷದ ಪಕ್ಕದಲ್ಲಿ ಬೇರೆ ಪುಟವನ್ನಿಟ್ಟು, “ತಾತ ಹೀಗೆ ಹೇಳುತ್ತಿದ್ದರು” ಎಂದು ಅವರ ಮಾತಿನಲ್ಲೇ ಬರೆದಿಡಿ. ಅವರು ಹೇಳಿದ ವರ್ಷವನ್ನೂ ಬರೆಯಿರಿ.

ಪ್ರಶ್ನೆ: ಅಜ್ಜಿಯ ತಂದೆಯ ಕಲ್ಲಿನ ಅಕ್ಷರ ಮಾಸಿದೆ. ಸೀಮೆಸುಣ್ಣ ಉಜ್ಜಿದರೆ ಕಾಣುತ್ತದೆ ಎನ್ನುತ್ತಾರೆ, ಕೆಲವರು ಆ್ಯಸಿಡ್ ಹಾಕಿ ತೊಳೆಯಲು ಹೇಳುತ್ತಾರೆ. ಯಾವುದು ಸರಿ? (ಮೈಸೂರು)

ಉತ್ತರ: ಎರಡೂ ಬೇಡ. ಆ್ಯಸಿಡ್ ಅಮೃತಶಿಲೆಯನ್ನೂ ಸುಣ್ಣದ ಅಂಶವಿರುವ ಯಾವುದೇ ಕಲ್ಲನ್ನೂ ಕರಗಿಸುತ್ತದೆ. ತೊಳೆದ ದಿನ ಬೆಳ್ಳಗೆ ಹೊಳೆದ ಕಲ್ಲು ಕೆಲವೇ ಮಳೆಗಾಲಗಳಲ್ಲಿ ಪುಡಿಯುದುರುತ್ತದೆ. ಬ್ಲೀಚಿಂಗ್ ಪುಡಿ, ತಂತಿ ಬ್ರಷ್ಷು, ಕ್ಷೌರದ ನೊರೆ, ಹಿಟ್ಟು, ಸೀಮೆಸುಣ್ಣ, ಇವನ್ನೂ ಮುಟ್ಟಬೇಡಿ. ಬರಿಯ ನೀರು, ಮೃದುವಾದ ನಾರಿನ ಬ್ರಷ್ಷು, ಬೇಕಾದರೆ ಪಾಚಿ ಕೆರೆಯಲು ಮರದ ಕಡ್ಡಿ, ಇಷ್ಟು ಸಾಕು. ಕಲ್ಲು ತಟ್ಟಿದರೆ ಟೊಳ್ಳಾದ ಸದ್ದು ಬಂದರೆ ಅಥವಾ ಪದರ ಏಳುತ್ತಿದ್ದರೆ ನೀರನ್ನೂ ಹಾಕಬೇಡಿ.

ಓದಲು ಬೇಕಾದದ್ದು ಓರೆ ಬೆಳಕು. ಬೆಳಗಿನ ಅಥವಾ ಸಂಜೆಯ ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಹೊತ್ತಿಗೆ ಹೋಗಿ. ಕಲ್ಲು ನೆರಳಿನಲ್ಲಿದ್ದರೆ ಒಬ್ಬರು ದೊಡ್ಡ ಕನ್ನಡಿ ಹಿಡಿದು ಬದಿಯಿಂದ ಬಿಸಿಲು ಹಾಯಿಸಲಿ. ರಾತ್ರಿ ಟಾರ್ಚನ್ನು ಕಲ್ಲಿನ ಬದಿಗೆ ಒತ್ತಿ ಹಿಡಿದು, ನಿಧಾನವಾಗಿ ಸುತ್ತ ತಿರುಗಿಸುತ್ತ ಹತ್ತಿಪ್ಪತ್ತು ಚಿತ್ರ ತೆಗೆದರೆ, ಹಗಲಲ್ಲಿ ಏನೂ ಕಾಣದ ಕಡೆಯೂ ಅಕ್ಷರಗಳು ಏಳುತ್ತವೆ.

ಬಣ್ಣದ ವಿಷಯದಲ್ಲಿ ಎಚ್ಚರಿಕೆ. ನಮ್ಮ ಕಡೆ ಹಳೆಯ ಅಕ್ಷರಗಳಿಗೆ ಕಪ್ಪು ಪೇಂಟು ತುಂಬಿಸುವ ರೂಢಿ ಇದೆ. ಪೇಂಟು ತುಂಬುವವರು ಮಾಸಿದ ಅಂಕಿಯನ್ನು ತಮಗೆ ತೋಚಿದಂತೆ ತಿದ್ದುತ್ತಾರೆ. ೬ ಹೋಗಿ ೯ ಆಗುತ್ತದೆ, ೨ ಹೋಗಿ ೩ ಆಗುತ್ತದೆ, ೧ರ ಬಾಲ ಸವೆದಿದ್ದರೆ ಅದು ೦ ಆಗುತ್ತದೆ. ಆದ್ದರಿಂದ ಬಣ್ಣವನ್ನು ಓದಬೇಡಿ, ಉಳಿಯ ಗೆರೆಯನ್ನು ಓದಿ. ಕಣ್ಣಿಗೆ ಸಂಶಯ ಬಂದಾಗ ಬೆರಳ ತುದಿಯಿಂದ ಗೆರೆಯನ್ನು ಹಿಡಿದು ಹೋದರೆ ಬಾಲವಿದೆಯೋ ಇಲ್ಲವೋ ತಿಳಿಯುತ್ತದೆ. ನನ್ನ ಮುತ್ತಜ್ಜಿಯ ಕಲ್ಲಿನ ವರ್ಷವನ್ನು ನಾನು ಖಚಿತಮಾಡಿಕೊಂಡದ್ದು ಬೆರಳಿನಿಂದಲೇ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಊರಿನಲ್ಲಿ ನಮ್ಮ ಹಿರಿಯರ ಸ್ಮಶಾನದ ಜಾಗ ಒತ್ತುವರಿಯಾಗುತ್ತಿದೆ. 1890ರ ದಶಕದ ಒಂದು ಕಲ್ಲನ್ನು ಇಲ್ಲಿಗೆ ತರಿಸಿಕೊಂಡು ನನ್ನ ಮನೆಯಂಗಳದಲ್ಲಿ ಇಡಬೇಕೆಂದಿದ್ದೇನೆ. ಸಾಧ್ಯವೇ? (ನ್ಯೂಜೆರ್ಸಿ)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೂ ಬೇಡವೆಂದೇ ಹೇಳುತ್ತೇನೆ. ನಮ್ಮ ದೇಶದ 1972ರ ಪುರಾವಸ್ತು ಕಾಯ್ದೆಯಂತೆ, ನೂರು ವರ್ಷ ದಾಟಿದ ಬರಹದ ಕಲ್ಲು ಪುರಾವಸ್ತುವಿನ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಾಯ್ದೆಯ ಮಾತನ್ನು ಬಿಟ್ಟರೂ, ಆ ಕಲ್ಲು ಹೇಳುವುದು “ಇವರು ಇಲ್ಲಿದ್ದಾರೆ” ಎಂದು. ಕಲ್ಲು ನ್ಯೂಜೆರ್ಸಿಗೆ ಬಂದರೆ ಆ “ಇಲ್ಲಿ” ಎಂಬ ಮಾತು ಸುಳ್ಳಾಗುತ್ತದೆ. ಮಿಗಿಲಾಗಿ, ಒತ್ತುವರಿ ಮಾಡಿದವರಿಗೆ ಅಲ್ಲಿ ಸ್ಮಶಾನವೇ ಇರಲಿಲ್ಲವೆಂದು ಹೇಳಲು ಅನುಕೂಲವಾಗುತ್ತದೆ. ನಿಂತ ಕಲ್ಲೇ ಆ ನೆಲದ ಸಾಕ್ಷಿ.

ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಹೇಳಿ, ಆ ಜಾಗದ ಸರ್ವೆ ನಂಬರಿನ ಪಹಣಿಯಲ್ಲಿ ಸ್ಮಶಾನವೆಂದು ದಾಖಲಾಗಿದೆಯೇ ಎಂದು ನೋಡಿಸಿ, ಇದ್ದರೆ ಅಳತೆಗೆ ಅರ್ಜಿ ಕೊಡಿಸಿ. ಅಲ್ಲಿರುವ ಎಲ್ಲ ಕಲ್ಲುಗಳ ಚಿತ್ರಗಳನ್ನು, ನಿಮ್ಮವರದಲ್ಲದವನ್ನೂ ಸೇರಿಸಿ, ಮುಂಬದಿ ಹಿಂಬದಿ ಎರಡನ್ನೂ ತೆಗೆಸಿ. 1995ರಿಂದ ನಡೆಯುತ್ತಿರುವ ಫೈಂಡ್ ಎ ಗ್ರೇವ್‌ನಂಥ ಅಂತರ್ಜಾಲ ತಾಣಗಳಲ್ಲಿ ಸ್ಥಳದ ಗುರುತಿನೊಡನೆ ಅವನ್ನು ಏರಿಸಲು ನೀವು ಅಲ್ಲಿಂದಲೇ ನೆರವಾಗಬಹುದು. ಅರ್ಜಿಯ ಜೊತೆಗೆ ಆ ಚಿತ್ರಗಳ ಒಂದು ಪ್ರತಿಯನ್ನು, ತೆಗೆದ ತಾರೀಕು ಬರೆದು, ತಹಶೀಲ್ದಾರರಿಗೂ ಕೊಡಿಸಿ ಸ್ವೀಕೃತಿ ಪಡೆಯಿರಿ.